ಕಮ್ಮಟ ಕೊಟ್ಟ ಹೆಸರು, ಜನ ಇಟ್ಟ ಹೆಸರು

ಇಂಗ್ಲೆಂಡಿನ ಎಂಟನೆಯ ಹೆನ್ರಿಯು ಆರು ಮಂದಿ ರಾಣಿಯರನ್ನು ವರಿಸಿದ್ದೂ, ಅವರಲ್ಲಿ ಇಬ್ಬರ ಶಿರಚ್ಛೇದ ಮಾಡಿಸಿದ್ದೂ, ರೋಮಿನ ಧರ್ಮಗುರುವಿನೊಡನೆ ಕಲಹ ಬೆಳೆಸಿ ತನ್ನ ರಾಜ್ಯದ ಇಗರ್ಜಿಗಳಿಗೆಲ್ಲ ತಾನೇ ಅಧಿಪತಿಯಾದದ್ದೂ ಶಾಲೆಯ ಪುಸ್ತಕಗಳಿಂದಲೇ ನಮಗೆ ಪರಿಚಿತವಾದ ಸಂಗತಿಗಳು. ಆದರೆ ಆ ದೊರೆಗೆ ಅಂಗಡಿಬೀದಿಯ ಜನ ಇಟ್ಟ ಅಡ್ಡಹೆಸರಿಗೂ ಈ ಸಂಗತಿಗಳಿಗೂ ಯಾವ ಸಂಬಂಧವೂ ಇಲ್ಲ. ಅವರು ಆತನನ್ನು ‘ತಾಮ್ರಮೂಗಿನ ಮುದುಕ’ ಎಂದು ಕರೆದರು. ಹಾಗೆ ಕರೆಯುವುದಕ್ಕೆ ಬೇಕಾದ ಸಾಕ್ಷ್ಯವನ್ನು ಸ್ವತಃ ದೊರೆಯೇ ತನ್ನ ಟಂಕಸಾಲೆಯಲ್ಲಿ ಅಚ್ಚು ಹೊಡೆಸಿ ಅವರ ಅಂಗೈಯಲ್ಲಿರಿಸಿದ್ದನು.

ಫ್ರಾನ್ಸಿನೊಡನೆಯೂ ಸ್ಕಾಟ್ಲೆಂಡಿನೊಡನೆಯೂ ಏಕಕಾಲಕ್ಕೆ ಯುದ್ಧ ಹೂಡಿ, ಮಠಗಳ ಆಸ್ತಿಯನ್ನು ಸೆಳೆದುಕೊಂಡರೂ ಸಾಲದೆ ಹೋದಾಗ, ಹೆನ್ರಿಯು ನಾಣ್ಯದ ಬೆಳ್ಳಿಯಲ್ಲಿ ತಾಮ್ರವನ್ನು ಬೆರೆಸುವ ಉಪಾಯಕ್ಕೆ ಕೈ ಹಾಕಿದನು. ೧೫೪೪ರಲ್ಲಿ ಹನ್ನೆರಡು ಪಾಲು ಲೋಹಕ್ಕೆ ಒಂಬತ್ತು ಪಾಲು ಬೆಳ್ಳಿ. ಮರುವರ್ಷ ಆರು ಪಾಲು. ೧೫೪೬ರ ವೇಳೆಗೆ ನಾಲ್ಕೇ ಪಾಲು. ಮೂರರಲ್ಲಿ ಎರಡು ಭಾಗ ತಾಮ್ರವಿರುವ ಬಿಲ್ಲೆಯನ್ನು ಬೆಳ್ಳಿಯೆಂದು ಜನರ ಕಣ್ಣಿಗೆ ನಂಬಿಸುವ ವಿದ್ಯೆ ಎಲ್ಲ ದೇಶದ ಅಕ್ಕಸಾಲಿಗರಿಗೂ ಗೊತ್ತಿದ್ದುದೇ: ಬಿಲ್ಲೆಯನ್ನು ಕಾಯಿಸಿ ಹುಳಿಯಲ್ಲಿ ಅದ್ದಿದರೆ ಮೇಲ್ಪದರದ ತಾಮ್ರವು ಕರಗಿಹೋಗಿ, ಕೂದಲೆಳೆಯಷ್ಟು ತೆಳುವಾದ ಶುದ್ಧ ಬೆಳ್ಳಿಯ ಪೊರೆಯೊಂದು ಮೈಮೇಲೆ ಉಳಿಯುತ್ತದೆ. ಹೊಸದಾಗಿ ಕಮ್ಮಟದಿಂದ ಹೊರಬಂದ ಟೆಸ್ಟೂನ್ ನಾಣ್ಯ, ಎಂದರೆ ಹನ್ನೆರಡು ಪೆನ್ನಿಯ ಬೆಳ್ಳಿಯ ಬಿಲ್ಲೆ, ಹೀಗೆ ಬೆಳ್ಳಗೆ ಹೊಳೆಯುತ್ತಿತ್ತು. ಆದರೆ ಅದರ ಮೇಲೆ ದೊರೆಯ ಮುಖವನ್ನು ಪಕ್ಕಕ್ಕೆ ತಿರುಗಿಸದೆ ನೋಡುವವನಿಗೆ ಎದುರಾಗಿಯೇ ಕೆತ್ತಿದ್ದರಿಂದ, ಇಡೀ ನಾಣ್ಯದಲ್ಲಿ ಎಲ್ಲಕ್ಕಿಂತ ಉಬ್ಬಿ ನಿಂತ ಜಾಗವೆಂದರೆ ಮೂಗಿನ ತುದಿ. ನಾಲ್ಕು ಕೈ ಬದಲಾಗಿ, ಹತ್ತು ಚೀಲಗಳಲ್ಲಿ ಉಜ್ಜಿ ಬರುವಷ್ಟರಲ್ಲಿ ಆ ತುದಿಯ ಪೊರೆ ಸವೆದು, ಬೆಳ್ಳಿಯ ಮುಖದ ನಡುವೆ ಕೆಂಪಗಿನ ಮೂಗೊಂದು ಇಣುಕುತ್ತಿತ್ತು. ಆ ಕಾಲದ ಕವಿ ಜಾನ್ ಹೇವುಡ್ ಈ ಕೆಂಪು ನಾಣ್ಯಗಳನ್ನು ಕುರಿತು ಚಾಟುಪದ್ಯವನ್ನೇ ಹೊಸೆದನು. ಹೆನ್ರಿಯ ಮಗಳು ಎಲಿಜಬೆತ್ ರಾಣಿ ೧೫೬೦–೬೧ರಲ್ಲಿ ಈ ಬೆರಕೆ ನಾಣ್ಯಗಳನ್ನೆಲ್ಲ ಹಿಂತೆಗೆದುಕೊಂಡು ಚೊಕ್ಕ ಬೆಳ್ಳಿಯ ನಾಣ್ಯ ಕೊಟ್ಟ ಬಳಿಕವೇ ಪೇಟೆಗೆ ಸಮಾಧಾನವಾದದ್ದು.

ನಾಣ್ಯ ಸಂಗ್ರಹಿಸುವವರು ಸಾಮಾನ್ಯವಾಗಿ ಒಂದು ರಾಜವಂಶವನ್ನೋ ಒಂದು ಶತಮಾನವನ್ನೋ ಹಿಡಿದು ಹೊರಡುತ್ತಾರೆ. ಕೆಲವರು ಆನೆ, ಹಡಗು, ಮರಗಳೆಂದು ಚಿತ್ರಗಳನ್ನು ಹಿಡಿದು ಹೊರಡುವುದೂ ಉಂಟು. ಅಡ್ಡಹೆಸರುಳ್ಳ ಅರಸರ ನಾಣ್ಯಗಳನ್ನೇ ಆರಿಸಿ ಕೂಡಿಸುವ ಪಂಥವೊಂದಿದೆ ಎಂದರೆ ನಮ್ಮ ಗಂಭೀರ ವಿದ್ವಾಂಸರು ಅದನ್ನು ಮಕ್ಕಳಾಟವೆಂದು ಬದಿಗೊತ್ತುವ ಸಂಭವವಿದೆ. ನನಗೆ ಹಾಗೆ ತೋರುವುದಿಲ್ಲ. ನಾಣ್ಯವೆಂಬುದು ಅರಸನು ತನ್ನನ್ನು ಕುರಿತು ತಾನೇ ಹೇಳಿಕೊಂಡ ಮಾತು. ಆತನ ಆಸ್ಥಾನದಲ್ಲಿ ಒಪ್ಪಿಗೆ ಪಡೆಯದ ಒಂದಕ್ಷರವೂ ಅದರ ಮೇಲೆ ಬರುವಂತಿಲ್ಲ. ಅಡ್ಡಹೆಸರಾದರೋ ಆತನನ್ನು ಕುರಿತು ಇತರರು ಆಡಿದ ಮಾತು. ಪ್ರಜೆಗಳೋ, ಶತ್ರುಗಳೋ, ನೂರು ವರ್ಷಗಳ ತರುವಾಯ ಚರಿತ್ರೆ ಬರೆಯಲು ಕುಳಿತ ಸನ್ಯಾಸಿಯೋ ಆಡಿದ್ದು. ಇವೆರಡನ್ನೂ ಒಂದೇ ತಟ್ಟೆಯಲ್ಲಿರಿಸಿ ನೋಡುವ ಅವಕಾಶ ಬೇರೆ ಯಾವ ಸಂಗ್ರಹಕ್ರಮದಲ್ಲೂ ಇಷ್ಟು ನೇರವಾಗಿ ದೊರೆಯುವುದಿಲ್ಲ. ಹೆನ್ರಿಯ ನಾಣ್ಯ ಮಾತ್ರ ಇದಕ್ಕೊಂದು ಅಪವಾದ. ಅಲ್ಲಿ ದೊರೆಯ ಮಾತೇ ಸವೆದು ಜನರ ಮಾತಾಯಿತು.

ರೋಮನ್ ಚಕ್ರವರ್ತಿಗಳಿಂದ ಈ ಸಂಗ್ರಹವನ್ನು ಪ್ರಾರಂಭಿಸುವವನು ಮೊದಲಿಗೇ ಒಂದು ತೊಡಕಿಗೆ ಸಿಕ್ಕಿಬೀಳುತ್ತಾನೆ. ಕಲಿಗುಲ ಎಂಬ ಹೆಸರಿನ ನಾಣ್ಯ ಲೋಕದಲ್ಲೆಲ್ಲೂ ಇಲ್ಲ. ತಂದೆಯ ದಂಡಿನ ಪಾಳೆಯದಲ್ಲಿ ಪುಟ್ಟ ಸೈನಿಕನ ಪಾದರಕ್ಷೆ ಮೆಟ್ಟಿ ಓಡಾಡುತ್ತಿದ್ದ ಹುಡುಗನಿಗೆ ಸಿಪಾಯಿಗಳು ಮುದ್ದಿನಿಂದ ಇಟ್ಟ ಹೆಸರದು, ಕ್ರಿ.ಶ. ೩೭ರಿಂದ ೪೧ರವರೆಗೆ ಆಳಿದ ಆ ಚಕ್ರವರ್ತಿಯ ನಾಣ್ಯಗಳ ಮೇಲೆ ಇರುವುದು ಗಾಯಸ್ ಸೀಸರ್ ಅಗಸ್ಟಸ್ ಜರ್ಮಾನಿಕಸ್ ಎಂಬ ಗಂಭೀರ ನಾಮಾವಳಿ. ಆತನ ಕಂಚಿನ ನಾಣ್ಯವೊಂದರ ಹಿಂಬದಿಯಲ್ಲಿ ಆತನ ಮೂವರು ಸೋದರಿಯರು ಅಗ್ರಿಪ್ಪಿನ, ದ್ರುಸಿಲ್ಲ, ಜೂಲಿಯ ಎಂಬ ಹೆಸರುಗಳೊಡನೆ ದೇವತೆಗಳ ಭಂಗಿಯಲ್ಲಿ ನಿಂತಿದ್ದಾರೆ. ಜೀವಂತವಾಗಿರುವ ರಾಜಕುಮಾರಿಯರನ್ನು ಹೀಗೆ ಹೆಸರಿಸಿ ನಾಣ್ಯದ ಮೇಲೆ ತೋರಿಸಿದ್ದು ರೋಮಿಗೆ ಹೊಸತು. ಆತನ ಕೊಲೆಯಾದ ಮೇಲೆ ಆತನ ಮುಖವಿದ್ದ ಕಂಚಿನ ನಾಣ್ಯಗಳನ್ನೆಲ್ಲ ಕರಗಿಸಬೇಕೆಂದು ಸೆನೆಟ್ ಸಭೆಯು ನಿರ್ಣಯಿಸಿತೆಂದು ಇತಿಹಾಸಕಾರ ದಿಯೋ ಕಾಸ್ಸಿಯಸ್ ಬರೆಯುತ್ತಾನೆ. ಮೇಲಂಗಿಯ ಕಾರಣದಿಂದ ಕರಕಲ್ಲ ಎನ್ನಿಸಿಕೊಂಡವನೂ, ಎಮೆಸ ನಗರದ ದೇವರ ಕಾರಣದಿಂದ ಎಲಗಬಲಸ್ ಎನ್ನಿಸಿಕೊಂಡವನೂ ನಾಣ್ಯಗಳ ಮೇಲೆ ಏಕರೂಪವಾಗಿ ಆಂಟೋನಿನಸ್ ಎಂದೇ ಕರೆದುಕೊಂಡಿದ್ದಾರೆ. ಗೌರವಸ್ಥನಾದ ಹಿಂದಿನ ಚಕ್ರವರ್ತಿಯೊಬ್ಬನ ಹೆಸರನ್ನು ಇಬ್ಬರೂ ಎರವಲು ಪಡೆದಿದ್ದರು. ಅದರ ಫಲವಾಗಿ ಹೊಸ ಸಂಗ್ರಾಹಕನಿಗೆ ಇವನದಾವುದು ಅವನದಾವುದು ಎಂಬ ಗೊಂದಲ ತಪ್ಪಿದ್ದಲ್ಲ. ಎಮೆಸದ ಕರಿಯ ಶಿಲೆಯನ್ನು ನಾಲ್ಕು ಕುದುರೆಯ ರಥದಲ್ಲಿ ಮೆರವಣಿಗೆ ಮಾಡುವ ಚಿತ್ರ ಸಿಕ್ಕಿದರೆ ಮಾತ್ರ ಅದು ಎಲಗಬಲಸನದೆಂದು ಕಣ್ಣುಮುಚ್ಚಿ ಹೇಳಬಹುದು.

ಅಂಗಾಂಗಗಳನ್ನು ಹಿಡಿದು ಇಟ್ಟ ಹೆಸರುಗಳ ವಿಷಯದಲ್ಲಿ ನಾಣ್ಯಗಳು ಒಂದೊಂದು ಬಗೆಯಾಗಿ ನಡೆದುಕೊಂಡಿವೆ. ಸಿರಿಯವನ್ನು ಆಳಿದ ಗ್ರೀಕ್ ವಂಶದ ಎಂಟನೆಯ ಆಂಟಿಯೋಕಸನಿಗೆ ‘ಗ್ರಿಪಸ್’, ಎಂದರೆ ಕೊಕ್ಕಿನ ಮೂಗಿನವನು, ಎಂಬ ಹೆಸರಿತ್ತು. ಆತನ ಬೆಳ್ಳಿಯ ನಾಣ್ಯವನ್ನು ಪಕ್ಕದ ಬೆಳಕಿಗೆ ಹಿಡಿದರೆ ಹಣೆಯಿಂದ ಇಳಿದ ಗೆರೆ ಮೂಗಿನ ನಡುವೆ ಗುಬ್ಬಚ್ಚಿಯಂತೆ ಅಂಜದೆ, ಗಿಡುಗದ ಕೊಕ್ಕಿನಂತೆ ಬಾಗಿ ಮೇಲ್ದುಟಿಯ ಮೇಲಕ್ಕೆ ಇಳಿದಿರುವುದು ಕಾಣುತ್ತದೆ. ಕೆತ್ತನೆಗಾರನು ದೊರೆಯ ಮೂಗನ್ನು ತಿದ್ದಲು ಹೋಗಿಲ್ಲ, ದೊರೆಯೂ ತಿದ್ದೆಂದು ಹೇಳಿದಂತೆ ತೋರುವುದಿಲ್ಲ. ಆತನ ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳಲ್ಲಿ ತಾಯಿ ಕ್ಲಿಯೋಪಾತ್ರ ಥಿಯಳ ಮುಖ ಮುಂದೆ, ಮಗನ ಮುಖ ಅದರ ಹಿಂದೆ. ಕ್ರಿ.ಪೂ. ೧೨೧ರಲ್ಲಿ ಆ ತಾಯಿ ಮಗನಿಗೆ ವಿಷದ ಬಟ್ಟಲನ್ನು ನೀಡಿದಳೆಂದೂ, ಸುಳಿವರಿತ ಮಗನು ಅದನ್ನು ಆಕೆಗೇ ಕುಡಿಸಿದನೆಂದೂ ಪುರಾತನ ಚರಿತ್ರಕಾರನ ಮಾತು. ಅಲ್ಲಿಂದ ಮುಂದಿನ ನಾಣ್ಯಗಳಲ್ಲಿ ಆ ಮೂಗು ಒಂಟಿ.

ಬೈಜಾಂಟಿಯಮ್ಮಿನ ಎರಡನೆಯ ಜಸ್ಟೀನಿಯನನದು ಇದಕ್ಕೆ ತದ್ವಿರುದ್ಧವಾದ ಕಥೆ. ೬೯೫ರಲ್ಲಿ ಆತನನ್ನು ಪಟ್ಟದಿಂದಿಳಿಸಿದವರು ಮೂಗನ್ನು ಕೊಯ್ದು ಕರಿಯ ಸಮುದ್ರದಾಚೆಯ ಖೆರ್ಸೋನಿಗೆ ಅಟ್ಟಿದರು. ಅಂಗಹೀನನು ಸಿಂಹಾಸನಕ್ಕೆ ಅರ್ಹನಲ್ಲವೆಂಬ ರೂಢಿಯಿದ್ದುದರಿಂದ ಕೊಲ್ಲುವ ತೊಂದರೆಯನ್ನು ತೆಗೆದುಕೊಳ್ಳಲಿಲ್ಲ. ಆತನು ಹತ್ತು ವರ್ಷ ಕಾದು, ಬಲ್ಗೇರಿಯದ ಸೈನ್ಯವನ್ನು ಬೆನ್ನಿಗಿಟ್ಟುಕೊಂಡು ೭೦೫ರಲ್ಲಿ ಹಿಂದಿರುಗಿ ಬಂದು ಮತ್ತೆ ಆರು ವರ್ಷ ಆಳಿದನು. ಮೂಗು ಕೊಯ್ಸಿಕೊಂಡವನೆಂಬ ಹೆಸರು ಚರಿತ್ರೆಯಲ್ಲಿ ನಿಂತುಹೋಗಿದೆ. ಆದರೆ ಎರಡನೆಯ ಆಳ್ವಿಕೆಯ ಚಿನ್ನದ ನಾಣ್ಯಗಳಲ್ಲಿ ಪುಟ್ಟ ಮಗ ಟೈಬೀರಿಯಸನೊಡನೆ ನಿಂತ ಜಸ್ಟೀನಿಯನನ ಮುಖದಲ್ಲಿ ಮೂಗು ಎಲ್ಲರಿಗಿರುವಂತೆ ನೆಟ್ಟಗಿದೆ. ಇದೇ ದೊರೆ ಮೊದಲ ಆಳ್ವಿಕೆಯಲ್ಲಿ ಕ್ರಿಸ್ತನ ಮುಖವನ್ನು ನಾಣ್ಯದ ಮುಂಬದಿಗೆ ತಂದು, ತಾನು ‘ಕ್ರಿಸ್ತನ ಸೇವಕ’ನೆಂದು ಬರೆಸಿಕೊಂಡು ಹಿಂಬದಿಗೆ ಸರಿದವನು. ಅದಕ್ಕೂ ಮುನ್ನ ಯಾವ ಚಕ್ರವರ್ತಿಯೂ ಮುಂಬದಿಯನ್ನು ಕ್ರಿಸ್ತನಿಗೆ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಮೂಗಿನ ಕುತೂಹಲದಿಂದ ಈ ನಾಣ್ಯವನ್ನು ಅರಸಿ ಹೋದವನು ಅದಕ್ಕಿಂತ ಬೆಲೆಯುಳ್ಳ ಚರಿತ್ರೆಯೊಂದನ್ನು ಕೈಯಲ್ಲಿ ಹಿಡಿದು ಬರುತ್ತಾನೆ.

ಫ್ರಾಂಕರ ದೊರೆ ಬೋಳುತಲೆಯ ಚಾರ್ಲ್ಸನ ನಾಣ್ಯಗಳಲ್ಲಿ ತಲೆಯನ್ನು ಹುಡುಕುವುದು ಹೆಚ್ಚಾಗಿ ವ್ಯರ್ಥ. ೮೬೪ರಲ್ಲಿ ಪೀತ್ರ್ ಎಂಬಲ್ಲಿ ಹೊರಡಿಸಿದ ಶಾಸನದಲ್ಲಿ ಆತನು ನಾಣ್ಯದ ಒಂದು ಕಡೆ ತನ್ನ ಹೆಸರಿನ ಕೂಡಕ್ಷರವೂ ಇನ್ನೊಂದು ಕಡೆ ಊರಿನ ಹೆಸರೂ ಶಿಲುಬೆಯೂ ಇರತಕ್ಕದ್ದೆಂದು ಕಟ್ಟುಮಾಡಿದ್ದನು. ನಡುವಿನ ವಜ್ರಾಕಾರದಲ್ಲಿ ಸ್ವರಗಳು, ನಾಲ್ಕು ಕೊನೆಗಳಲ್ಲಿ ನಾಲ್ಕು ವ್ಯಂಜನಗಳು. ಹೀಗೆ ‘ಕರೋಲಸ್’ ಎಂಬ ಹೆಸರು ಶಿಲುಬೆಯ ಆಕಾರ ತಾಳಿದ ಈ ಕೂಡಕ್ಷರವು ವಾಸ್ತವವಾಗಿ ಆತನ ಅಜ್ಜ ಮಹಾ ಚಾರ್ಲ್ಸನದು. ಆ ಕಾಲದ ಹಸ್ತಪ್ರತಿಗಳ ಚಿತ್ರದಲ್ಲಿ ಆತನ ತಲೆಯ ಮೇಲೆ ಕೂದಲಿದೆಯೆಂಬುದನ್ನು ನೋಡಿದರೆ ಹೆಸರಿಟ್ಟವರ ತಮಾಷೆ ಏನಿತ್ತೋ ತಿಳಿಯದು.

ಈ ಪಂಥದ ಸಂಗ್ರಾಹಕರಿಗೆ ಅತ್ಯಂತ ಪ್ರಿಯನಾದವನು ಇಂಗ್ಲೆಂಡಿನ ಎಥೆಲ್‌ರೆಡ್, ದುರಾಲೋಚನೆಯ ಎಥೆಲ್‌ರೆಡ್ ಎಂದು ಹೆಸರಾದವನು. ೯೭೮ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದು ೧೦೧೬ರಲ್ಲಿ ಮಡಿದ ಈತನ ಕಾಲದಲ್ಲಿ ಡೇನರು ಹಡಗುಗಳಲ್ಲಿ ಬಂದು ಕರಾವಳಿಯನ್ನು ಸೂರೆಗೊಳ್ಳುವುದೂ, ದೊರೆ ಹಣ ಕೊಟ್ಟು ಅವರನ್ನು ಹಿಂದಕ್ಕೆ ಕಳುಹಿಸುವುದೂ, ಅವರು ಇನ್ನಷ್ಟು ಹಡಗುಗಳೊಡನೆ ಹಿಂದಿರುಗುವುದೂ ವಾಡಿಕೆಯಾಯಿತು. ೯೯೧ರಲ್ಲಿ ಹತ್ತು ಸಾವಿರ ಪೌಂಡು ಬೆಳ್ಳಿ ತೆತ್ತರೆಂದು ಆಂಗ್ಲೋ–ಸ್ಯಾಕ್ಸನ್ ವೃತ್ತಾಂತವು ಹೇಳುತ್ತದೆ. ಪೌಂಡಿಗೆ ೨೪೦ ಪೆನ್ನಿಯಂತೆ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು ಲಕ್ಷ ಪೆನ್ನಿ. ೧೦೦೨ರಲ್ಲಿ ಇಪ್ಪತ್ತನಾಲ್ಕು ಸಾವಿರ ಪೌಂಡು, ೧೦೧೨ರಲ್ಲಿ ನಾಲ್ವತ್ತೆಂಟು ಸಾವಿರ. ಇದಕ್ಕಾಗಿ ರಾಜ್ಯದ ಹತ್ತಾರು ಪಟ್ಟಣಗಳಲ್ಲಿ ಕಮ್ಮಟಗಳು ಹಗಲಿರುಳು ನಡೆದುವು. ಆಶ್ಚರ್ಯವೆಂದರೆ ಇಷ್ಟು ಅವ್ಯವಸ್ಥೆಯ ದೊರೆಯ ನಾಣ್ಯಪದ್ಧತಿಯು ಅಂದಿನ ಯುರೋಪಿನಲ್ಲೇ ಅತ್ಯಂತ ಸುವ್ಯವಸ್ಥಿತವಾದುದು: ಕೆಲವು ವರ್ಷಗಳಿಗೊಮ್ಮೆ ಹಳೆಯ ಮಾದರಿಯನ್ನು ಹಿಂತೆಗೆದು ಹೊಸದನ್ನು ಹೊರಡಿಸುತ್ತಿದ್ದರು, ಪ್ರತಿಯೊಂದು ಪೆನ್ನಿಯ ಮೇಲೂ ಅದನ್ನು ಹೊಡೆದ ಕಮ್ಮಟಗಾರನ ಹೆಸರೂ ಆತನ ಊರೂ ಇರಲೇಬೇಕು. ತೂಕ ಕಡಿಮೆಯಾದರೆ ಯಾರ ಕೈ ಕತ್ತರಿಸಬೇಕೆಂಬುದು ನಾಣ್ಯದ ಮೇಲೆಯೇ ಬರೆದಿತ್ತು.

ಎಥೆಲ್‌ರೆಡ್ಡನ ಪೆನ್ನಿಯೊಂದು ಸಿಕ್ಕಿದರೆ ಮೊದಲು ನೋಡಬೇಕಾದುದು ಮುಖವನ್ನಲ್ಲ, ಅದರ ಮೈಮೇಲಣ ಗೀರುಗಳನ್ನು. ಭೂತಗನ್ನಡಿಯಡಿಯಲ್ಲಿ ಶಿಲುಬೆಯ ತೋಳುಗಳ ನಡುವೆ, ಕೆಲವೊಮ್ಮೆ ದೊರೆಯ ಕೆನ್ನೆಯ ಮೇಲೆಯೇ, ಚೂರಿಯ ಮೊನೆಯಿಂದ ಕುಕ್ಕಿ ಲೋಹವನ್ನು ಎಬ್ಬಿಸಿದ ಸಣ್ಣ ಸಣ್ಣ ಗಾಯಗಳು ಕಾಣುತ್ತವೆ. ಸಮುದ್ರದಾಚೆಯ ವರ್ತಕನಿಗೆ ಲ್ಯಾಟಿನ್ ಬರಹ ಓದಲು ಬರದು. ಬೆಳ್ಳಿ ಚೊಕ್ಕವೋ ಬೆರಕೆಯೋ ಎಂಬುದನ್ನು ಮೊನೆ ಒತ್ತಿದಾಗ ಮೆತ್ತಗಾಗುವ ಹದದಿಂದಲೇ ಅವನು ತಿಳಿಯಬೇಕು. ಕೈ ಬದಲಾದಂತೆಲ್ಲ ಒಂದೊಂದು ಕುಕ್ಕು. ಇಂಥ ಗೀರುಗಳುಳ್ಳ ಪೆನ್ನಿ ಸ್ಕ್ಯಾಂಡಿನೇವಿಯದ ನೆಲದಲ್ಲಿ ಹುಗಿದಿದ್ದುದೆಂದು ಬಹುತೇಕ ನಿಶ್ಚಯಿಸಬಹುದು. ಇಂದಿಗೂ ಈ ದೊರೆಯ ನಾಣ್ಯಗಳು ಆತನ ಸ್ವಂತ ನಾಡಿನ ವಸ್ತುಸಂಗ್ರಹಾಲಯಗಳಿಗಿಂತ ಹೆಚ್ಚಾಗಿ ಸ್ವೀಡನ್ನಿನಲ್ಲಿವೆ. ಗಾಟ್ಲೆಂಡ್ ದ್ವೀಪದ ಹೊಲಗಳಲ್ಲಿ ನೇಗಿಲಿಗೆ ಸಿಕ್ಕ ನಿಕ್ಷೇಪಗಳೇ ಅದಕ್ಕೆ ಕಾರಣ. ಅಡ್ಡಹೆಸರಿನಲ್ಲಿ ಅಡಗಿದ ದೂಷಣೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಸಮರ್ಥಿಸುವ ದಾಖಲೆ ಬೇರೊಂದಿಲ್ಲ.

ಕಪ್ಪ ಪಡೆದ ಕಡೆಯವರೂ ಅಡ್ಡಹೆಸರಿನವರೇ. ಕವಲುಗಡ್ಡದ ಸ್ವೇನ್ ಸುಮಾರು ೯೯೫ರಲ್ಲಿ ಎಥೆಲ್‌ರೆಡ್ಡನ ನಾಣ್ಯವನ್ನೇ ಮಾದರಿಯಾಗಿಟ್ಟುಕೊಂಡು, ಗಾಡ್ವೈನ್ ಎಂಬ ಆಂಗ್ಲ ಹೆಸರಿನ ಕಮ್ಮಟಗಾರನ ಕೈಯಲ್ಲಿ, ‘ಡೇನರ ದೊರೆ ಸ್ವೇನ್’ ಎಂಬ ಬರಹವುಳ್ಳ ನಾಣ್ಯವನ್ನು ಹೊಡೆಸಿದನು. ಡೆನ್ಮಾರ್ಕಿನ ದೊರೆಯೊಬ್ಬನ ಹೆಸರು ನಾಣ್ಯದ ಮೇಲೆ ಬಂದದ್ದು ಅದೇ ಮೊದಲು. ಆತನ ತಂದೆ ನೀಲಿಹಲ್ಲಿನ ಹೆರಾಲ್ಡನ ಕಾಲದ ತೆಳು ಬೆಳ್ಳಿಯ ಬಿಲ್ಲೆಗಳಲ್ಲಿ ಶಿಲುಬೆಯುಂಟು, ಹೆಸರಿಲ್ಲ. ಬಾಲ್ಟಿಕ್ ಸಮುದ್ರದ ರ್ಯೂಗೆನ್ ದ್ವೀಪದಲ್ಲಿ ೨೦೧೮ರಲ್ಲಿ ತೆಗೆದ ನಿಕ್ಷೇಪದಲ್ಲಿ ಇಂಥವು ಅನೇಕ ಇದ್ದುವು. ಹೆಸರೇ ಇಲ್ಲದ ನಾಣ್ಯದ ಈ ದೊರೆಯ ಅಡ್ಡಹೆಸರನ್ನು ಇಂದು ಬ್ಲೂಟೂತ್ ಎಂಬ ರೂಪದಲ್ಲಿ ನಮ್ಮ ಹಳ್ಳಿಯ ಆಟೋ ಚಾಲಕನೂ ದಿನಕ್ಕೆ ನಾಲ್ಕು ಸಲ ಉಚ್ಚರಿಸುತ್ತಾನೆಂಬುದು ಕಾಲಪುರುಷನ ವಿನೋದ.

ಸಿಂಹಹೃದಯದ ರಿಚರ್ಡನ ನಾಣ್ಯ ಬೇಕೆಂದು ಲಂಡನಿನ ವ್ಯಾಪಾರಿಯನ್ನು ಕೇಳಿದರೆ ಆತನು ‘ಹೆನ್ರಿಕಸ್’ ಎಂದು ಬರೆದಿರುವ ಪೆನ್ನಿಯನ್ನು ಮುಂದಿಡುತ್ತಾನೆ; ಅದು ಮೋಸವಲ್ಲ. ತಂದೆ ಎರಡನೆಯ ಹೆನ್ರಿ ತೀರಿಹೋದ ಮೇಲೂ ಇಂಗ್ಲೆಂಡಿನ ಕಮ್ಮಟಗಳು ಆತನ ಹೆಸರಿನಲ್ಲೇ ಅದೇ ಮಾದರಿಯನ್ನು ಹೊಡೆಯುತ್ತ ಹೋದುವು. ರಿಚರ್ಡನ ಹೆಸರು ಆತನ ಫ್ರೆಂಚ್ ಸೀಮೆಗಳಾದ ಪುವಾತು, ಅಕ್ವಿತೇನ್‌ಗಳ ನಾಣ್ಯಗಳಲ್ಲಿ ಮಾತ್ರ ದೊರೆಯುತ್ತದೆ. ತಮ್ಮ ಜಾನ್, ‘ನೆಲವಿಲ್ಲದವನು’ ಎಂದು ಹೆಸರಾದವನು, ತಾನು ಆಳಿದ ಇಂಗ್ಲೆಂಡಿನಲ್ಲಿ ಹಾಗೆಯೇ ತಂದೆಯ ಹೆಸರಿನಡಿ ಅಡಗಿದ್ದಾನೆ. ಆತನ ಸ್ವಂತ ಹೆಸರು ತ್ರಿಕೋನದ ಚೌಕಟ್ಟಿನೊಳಗೆ ಮೆರೆಯುವುದು ಐರ್ಲೆಂಡಿನ ಪೆನ್ನಿಗಳಲ್ಲಿ, ಎಂದರೆ ತಂದೆ ಆತನಿಗೆ ಕೊನೆಗೂ ಕೊಟ್ಟ ನೆಲದಲ್ಲಿ.

ರಷ್ಯದ ಭಯಂಕರ ಇವಾನನ ಹೆಸರು ಕೇಳಿ ಭಾರಿ ಗಾತ್ರದ ನಾಣ್ಯವನ್ನು ನಿರೀಕ್ಷಿಸಿದವನಿಗೆ ಸಿಕ್ಕುವುದು ಕಿರುಬೆರಳ ಉಗುರಿನಷ್ಟಗಲದ, ಗ್ರಾಮಿನ ಮೂರರಲ್ಲೆರಡು ಪಾಲು ತೂಗುವ ಬೆಳ್ಳಿಯ ಚೂರು. ಇವಾನನು ಇನ್ನೂ ಮಗುವಾಗಿದ್ದಾಗ, ೧೫೩೫ರಲ್ಲಿ, ರಾಜ್ಯಭಾರ ವಹಿಸಿದ್ದ ತಾಯಿ ಎಲೇನಾ ಗ್ಲಿನ್ಸ್ಕಯ ದೇಶದ ನಾಣ್ಯವನ್ನು ಒಂದು ಮಾಡಲು ತಂದ ಪದ್ಧತಿಯಿದು: ಬೆಳ್ಳಿಯ ತಂತಿಯನ್ನು ಎಳೆದು, ಸಮನಾದ ತುಂಡುಗಳಾಗಿ ಕಡಿದು, ಚಪ್ಪಟೆ ಮಾಡಿ, ಅಚ್ಚಿನ ನಡುವೆ ಇಟ್ಟು ಹೊಡೆಯುವುದು. ಅಚ್ಚು ದೊಡ್ಡದು, ಚೂರು ಚಿಕ್ಕದು. ಆದಕಾರಣ ಪೂರ್ತಿ ಬರಹ ಯಾವ ಒಂದು ನಾಣ್ಯದ ಮೇಲೂ ಕೂಡಿಬರುವುದಿಲ್ಲ. ಒಂದರಲ್ಲಿ ಕುದುರೆಯ ಹಿಂಗಾಲು, ಇನ್ನೊಂದರಲ್ಲಿ ಸವಾರನ ಈಟಿಯ ಮೊನೆ, ಮತ್ತೊಂದರಲ್ಲಿ ಹೆಸರಿನ ಎರಡಕ್ಷರ. ೧೫೪೭ರಲ್ಲಿ ಇವಾನನು ತ್ಸಾರ್ ಪದವಿಯನ್ನು ಧರಿಸಿದ ಮೇಲೆ ಬರಹದಲ್ಲಿ ಆ ಪದವಿಯೂ ಸೇರಿಕೊಂಡಿತು. ಆದುದರಿಂದ ಬೊಗಸೆಯಷ್ಟು ಚೂರುಗಳನ್ನು ಎದುರಿಗೆ ಹರಡಿಕೊಂಡು, ಒಂದರ ಅರ್ಧವನ್ನು ಇನ್ನೊಂದರ ಅರ್ಧದಿಂದ ತುಂಬಿಕೊಳ್ಳುತ್ತ, ಇದು ಮಗುವಿನ ಕಾಲದ್ದೋ ಭಯಂಕರನ ಕಾಲದ್ದೋ ಎಂದು ಬೇರ್ಪಡಿಸುವುದೇ ಸಂಗ್ರಾಹಕನ ಕೆಲಸ. ಬಡವನ ಕೈಗೂ ಎಟುಕುವ ನಾಣ್ಯವಿದು. ರಷ್ಯದ ರೈತರು ಮಡಕೆಗಳಲ್ಲಿ ತುಂಬಿ ಹೂಳಿಟ್ಟದ್ದು ಅಷ್ಟಿದೆ.

ನಮ್ಮ ದೇಶದಲ್ಲಿ ಅಡ್ಡಹೆಸರಿನ ಅರಸನೆಂದರೆ ಎಲ್ಲರ ನಾಲಗೆಗೆ ಮೊದಲು ಬರುವವನು ಮಹಮ್ಮದ್ ಬಿನ್ ತುಘಲಕ್. ಆತನ ಹೆಸರೇ ಕನ್ನಡದಲ್ಲಿ ಅಡ್ಡಹೆಸರಾಗಿದೆ. ತಲೆಬುಡವಿಲ್ಲದ ಆಡಳಿತಕ್ಕೆ ತುಘಲಕ್ ದರ್ಬಾರೆಂದು ನಮ್ಮ ಪತ್ರಿಕೆಗಳು ಬರೆಯುತ್ತವೆ, ಗಿರೀಶ ಕಾರ್ನಾಡರ ೧೯೬೪ರ ನಾಟಕವು ಆತನನ್ನು ಓದುಗರ ಮನೆಯೊಳಕ್ಕೇ ಕರೆತಂದಿದೆ. ಜನ ಹುಚ್ಚನೆಂದರು, ಆದರೆ ದೆಹಲಿಯ ಸುಲ್ತಾನರ ನಾಣ್ಯಗಳನ್ನು ಕುರಿತು ೧೮೭೧ರಲ್ಲಿ ಗ್ರಂಥ ಬರೆದ ಎಡ್ವರ್ಡ್ ಥಾಮಸ್ ಆತನನ್ನು ಟಂಕಸಾಲೆಯವರಲ್ಲಿ ರಾಜಕುಮಾರನೆಂದು ಹೊಗಳಿದನು. ಎರಡಕ್ಕೂ ಆಧಾರ ಒಂದೇ ಲೋಹರಾಶಿ. ಆತನ ಚಿನ್ನದ ದಿನಾರುಗಳ ಬರವಣಿಗೆಯ ಅಂದವನ್ನು ನೋಡಿದವರು ಥಾಮಸನ ಪಕ್ಷ ವಹಿಸದೆ ಇರಲಾರರು. ಅಚ್ಚು ಹೊಡೆದ ಅರಬ್ಬೀ ಅಕ್ಷರಗಳು ಕೊರೆದ ದಂತದಂತೆ ಒಂದಕ್ಕೊಂದು ಹೆಣೆದುಕೊಂಡಿವೆ.

ಹುಚ್ಚೆಂಬ ಅಪವಾದ ಬಂದದ್ದು ಹಿತ್ತಾಳೆ–ತಾಮ್ರಗಳ ಟಂಕಗಳಿಂದ. ೧೩೨೯–೩೦ರ ಸುಮಾರಿಗೆ ಆತನು ಬೆಳ್ಳಿಯ ಟಂಕದ ಬೆಲೆಗೆ ನಡೆಯತಕ್ಕ ಹಿತ್ತಾಳೆಯ ಟಂಕವನ್ನು ಹೊರಡಿಸಿ, ಅದರ ಮೇಲೆ ಸುಲ್ತಾನನಿಗೆ ವಿಧೇಯನಾದವನು ದಯಾಮಯನಾದ ದೇವರಿಗೇ ವಿಧೇಯನಾದಂತೆ ಎಂಬ ಅರಬ್ಬೀ ವಾಕ್ಯವನ್ನು ಹೊಡೆಸಿದನು. ಬೆಳ್ಳಿಯ ನಾಣ್ಯಕ್ಕೆ ಇಂಥ ಉಪದೇಶದ ಅಗತ್ಯವಿರಲಿಲ್ಲವೆಂಬುದನ್ನು ಗಮನಿಸಬೇಕು. ಲೋಹವು ತಾನೇ ಮಾತನಾಡಲಾರದೆ ಹೋದಾಗ ದೇವರ
ಸಾಕ್ಷಿ ಬೇಕಾಯಿತು. ಇಂದು ನಮ್ಮ ಜೇಬಿನಲ್ಲಿರುವ ನೋಟು ಇದೇ ತತ್ತ್ವದ ಮೇಲೆ ನಡೆಯುತ್ತದೆಯಾದರೂ, ನಕಲು ಮಾಡಲಾಗದ ಅಚ್ಚು ಆ ಸುಲ್ತಾನನಲ್ಲಿ ಇರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತೆಂದು ಸಮಕಾಲೀನನಾದ ಬರನಿ ಬರೆದಿದ್ದಾನೆ. ಕಂದಾಯಕ್ಕೂ ಕುದುರೆಗೂ ಜನ ಹಿತ್ತಾಳೆಯನ್ನೇ ಕೊಟ್ಟರು, ಬೆಳ್ಳಿಯನ್ನು ಅಡಗಿಸಿಟ್ಟರು. ಎರಡು ಮೂರು ವರ್ಷಗಳೊಳಗೆ ಸುಲ್ತಾನನು ಸೋತು, ಹಿತ್ತಾಳೆ ತಂದವರಿಗೆಲ್ಲ ಬೊಕ್ಕಸದಿಂದ ಚಿನ್ನ ಬೆಳ್ಳಿಗಳನ್ನು ಕೊಟ್ಟನು; ವಾಪಸು ಬಂದ ಟಂಕಗಳು ತುಘಲಕಾಬಾದಿನಲ್ಲಿ ಗುಡ್ಡೆಯಾಗಿ ಬಿದ್ದಿದ್ದುವಂತೆ. ಮಾತು ತಪ್ಪದೆ ಕೊಟ್ಟನೆಂಬ ಈ ಕಡೆಯ ಸಂಗತಿಯನ್ನು ಆತನನ್ನು ಹುಚ್ಚನೆನ್ನುವವರು ಹೇಳಲು ಮರೆಯುತ್ತಾರೆ. ಈ ಟಂಕಗಳು ಇಂದಿಗೂ ಸುಲಭವಾಗಿ ಸಿಗುತ್ತವೆ; ಇವುಗಳಲ್ಲಿ ಸುಲ್ತಾನನದಾವುದು, ಮನೆಯ ಹಿತ್ತಲಲ್ಲಿ ಹೊಡೆದದ್ದಾವುದು ಎಂಬ ವಾದ ಸಂಗ್ರಾಹಕರಲ್ಲಿ ಮುಗಿದಿಲ್ಲ. ಆ ಹಿತ್ತಲಿನ ನಕಲು ಈಗ ಏಳುನೂರು ವರ್ಷದ ಪುರಾವಸ್ತುವಾಗಿರುವುದರಿಂದ ಅದನ್ನು ಕೀಳೆನ್ನುವ ಹಾಗೂ ಇಲ್ಲ.

ಕನ್ನಡನಾಡಿಗೆ ಬಂದರೆ ವ್ಯವಹಾರವೇ ತಿರುವುಮುರುವು. ಬೇರೆಡೆಯ ಅರಸರು ಹೆಸರನ್ನು ನಾಣ್ಯದ ಮೇಲೆ ಹಾಕಿ ಅಡ್ಡಹೆಸರನ್ನು ಜನರ ಬಾಯಿಗೆ ಬಿಟ್ಟರೆ, ನಮ್ಮವರು ಹೆಸರನ್ನು ಬಿಟ್ಟು ಬಿರುದನ್ನೇ ಅಚ್ಚು ಹಾಕಿಸಿದರು. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನೂ ವೆಂಗಿಯ ಚಾಲುಕ್ಯ ವಂಶದ ಮೂಲಪುರುಷನೂ ಆದ ವಿಷ್ಣುವರ್ಧನನು ಚರಿತ್ರೆಯಲ್ಲಿ ಕುಬ್ಜ ವಿಷ್ಣುವರ್ಧನ. ಆತನವೆಂದು ವಿದ್ವಾಂಸರು ಹೇಳುವ ನಾಣ್ಯಗಳಲ್ಲಿ ಸಿಂಹವೂ ‘ವಿಷಮಸಿದ್ಧಿ’ ಎಂಬ ಬಿರುದೂ ಇವೆ, ಕುಬ್ಜತ್ವದ ಸುಳಿವಿಲ್ಲ. ಹಾಗೆಂದು ಆ ಹೆಸರು ಶತ್ರುಗಳ ಹಳಿಯುವಿಕೆಯೆಂದು ಭಾವಿಸಬೇಕಾಗಿಲ್ಲ. ಆತನ ಸಂತತಿಯವರೇ ತಮ್ಮ ತಾಮ್ರಶಾಸನಗಳಲ್ಲಿ ವಂಶಾವಳಿಯನ್ನು ಹೇಳುವಾಗ, ಕುಬ್ಜ ವಿಷ್ಣುವರ್ಧನನು ಹದಿನೆಂಟು ವರ್ಷ ಆಳಿದನೆಂದು ಯಾವ ಸಂಕೋಚವೂ ಇಲ್ಲದೆ ಮೊದಲಿಟ್ಟಿದ್ದಾರೆ.

ಇದೇ ಹೆಸರಿನ ಹೊಯ್ಸಳ ದೊರೆಯ ಗದ್ಯಾಣವು ನನ್ನ ಮಟ್ಟಿಗೆ ಈ ಇಡೀ ಪರಿವಾರದ ಪಟ್ಟದಾನೆ. ಸುಮಾರು ನಾಲ್ಕು ಗ್ರಾಂ ತೂಗುವ ಚಿನ್ನದ ಬಿಲ್ಲೆ; ಮುಂಬದಿಯಲ್ಲಿ ಬಾಲವೆತ್ತಿ ನಿಂತ ಶಾರ್ದೂಲ, ಅದರ ಬೆನ್ನ ಮೇಲುಗಡೆ ಇನ್ನೊಂದು ಚಿಕ್ಕದು. ಹಿಂಬದಿಗೆ ತಿರುಗಿಸಿದರೆ ಗೆರೆಗಳ ನಡುವೆ ಮೂರು ಸಾಲಾಗಿ ತುಂಬಿದ ದುಂಡನೆಯ ಹಳಗನ್ನಡ ಅಕ್ಷರಗಳು: ‘ಶ್ರೀ ತಳಕಾಡುಗೊಂಡ’. ಇನ್ನೊಂದು ಬಗೆಯಲ್ಲಿ ‘ಶ್ರೀ ನೊಳಂಬವಾಡಿಗೊಂಡ’. ಬಿಟ್ಟಿದೇವನೆಂದಾಗಲಿ ವಿಷ್ಣುವರ್ಧನನೆಂದಾಗಲಿ ಎಲ್ಲಿಯೂ ಇಲ್ಲ. ೧೧೧೬ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡವನು ಯಾರೆಂಬುದನ್ನು ಆ ಚಿನ್ನ ಹಿಡಿದ ವರ್ತಕನಿಗೆ ಮತ್ತೆ ಹೇಳಬೇಕಾಗಿರಲಿಲ್ಲ. ಊರನ್ನು ಕೊಂಡದ್ದೇ ಆತನ ಹೆಸರಾಯಿತು. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ದಕ್ಷಿಣದ ನಾಣ್ಯಗಳನ್ನು ಕೂಡಿಸಿ ಪುಸ್ತಕ ಬರೆದಾಗಿನಿಂದ ಈ ಗದ್ಯಾಣಗಳು ಲೋಕಪ್ರಸಿದ್ಧ, ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕ ನಾಣ್ಯಗಳ ಅಧ್ಯಯನವನ್ನು ಓದಿದವರಿಗೆ ಇವು ಚಿರಪರಿಚಿತ. ಗೋವೆಯ ಕದಂಬ ಪೆರ್ಮಾಡಿಯೂ ಹೀಗೆಯೇ ತನ್ನ ಚಿನ್ನದ ಮೇಲೆ ‘ಶಿವಚಿತ್ತ’ನಾಗಿ ನಿಂತಿದ್ದಾನೆ. ವಿಜಯನಗರದ ಇಮ್ಮಡಿ ದೇವರಾಯನಿಗೆ ‘ಗಜಬೇಂಟೆಕಾರ’ನೆಂಬ ಬಿರುದಿತ್ತಷ್ಟೆ, ಆತನ ತಾಮ್ರದ ಕಾಸುಗಳ ಮೇಲೆ ಆನೆ ನಿಂತಿರುವುದನ್ನು ಕಂಡಾಗ ಬಿರುದೂ ಚಿತ್ರವೂ ಕೈಹಿಡಿದುಕೊಂಡವೆನ್ನಿಸುತ್ತದೆ. ಹೊಯ್ಸಳರ ಚಿನ್ನ ಸಾಮಾನ್ಯ ಗೃಹಸ್ಥನಿಗೆ ದಕ್ಕುವ ವಸ್ತುವಲ್ಲ, ನಿಜ. ದೇವರಾಯನ ಕಾಸು ಹಾಗಲ್ಲ.

ಇಂಥ ತಾಮ್ರದ ಕಾಸು ಕೈಗೆ ಸಿಕ್ಕಿದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ಅನಾಹುತ ಹುಣಸೆಹಣ್ಣು. ದೇವರ ಮನೆಯ ತಂಬಿಗೆಯೊಡನೆ ಅದನ್ನೂ ತಿಕ್ಕಿ ಫಳಫಳ ಮಾಡಿಟ್ಟರೆ, ಶತಮಾನಗಳಿಂದ ಲೋಹವನ್ನು ಕಾಪಾಡಿಕೊಂಡು ಬಂದ ಹಸಿರುಗಪ್ಪು ಪೊರೆ ಹೋಗಿ, ಅದರೊಡನೆ ಅಕ್ಷರದ ಅಂಚೂ ನಾಣ್ಯದ ಬೆಲೆಯೂ ಹೋಗುತ್ತವೆ. ಮಣ್ಣು ಅಂಟಿದ್ದರೆ ಶುದ್ಧ ನೀರಿನಲ್ಲಿ ನೆನೆಯಿಟ್ಟು ಮೆತ್ತನೆಯ ಕುಂಚದಿಂದ ಬಿಡಿಸಿದರೆ ಸಾಕು. ಎರಕ ಹೊಯ್ದ ನಕಲುಗಳ ವಿಷಯದಲ್ಲಿಯೂ ಕಣ್ಣು ತೆರೆದಿರಬೇಕು: ಅಕ್ಷರಗಳ ಮೈ ಸಾಬೂನಿನಂತೆ ನುಣುಪಾಗಿ, ಬಯಲಿನಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳು ಕಂಡು, ಅಂಚಿನ ಸುತ್ತ ಕೂಡುಗೆರೆಯೊಂದು ಹಾದಿದ್ದರೆ ಅದನ್ನು ಕೊಳ್ಳದೆ ಇರುವುದು ಕ್ಷೇಮ, ತೂಕ ನೋಡದೆ ಕೊಳ್ಳುವವನು ಯಾವ ಕಾಲದಲ್ಲಿಯೂ ಮೋಸಹೋದವನೇ. ನೆಲದಲ್ಲಿ ದೊರೆತ ನಿಕ್ಷೇಪವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ನಮ್ಮಲ್ಲಿ ೧೮೭೮ರಿಂದಲೂ ಉಂಟು. ನೂರು ವರ್ಷ ದಾಟಿದ ನಾಣ್ಯವನ್ನು ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಕಳುಹಿಸುವುದನ್ನು ೧೯೭೨ರ ಕಾಯ್ದೆ ನಿಷೇಧಿಸುತ್ತದೆ.

ಮೈಸೂರಿನ ಹುಲಿಯ ಮಾತನ್ನು ಕಡೆಗೆ ಉಳಿಸಿಕೊಂಡೆನು. ಟಿಪ್ಪೂ ಸುಲ್ತಾನನ ಸಿಂಹಾಸನದಲ್ಲಿ ಹುಲಿ, ಸಿಪಾಯಿಗಳ ಉಡುಪಿನಲ್ಲಿ ಹುಲಿಯ ಪಟ್ಟೆ, ಫಿರಂಗಿಯ ಬಾಯಲ್ಲಿ ಹುಲಿ. ನಾಣ್ಯದ ಮೇಲೆ ಮಾತ್ರ ಆನೆ. ಗಂಗರ ಕಾಲದ ಚಿನ್ನದಿಂದಲೂ ಈ ಸೀಮೆಯಲ್ಲಿ ಆನೆಯ ನಾಣ್ಯಕ್ಕೆ ಜನರ ನಂಬಿಕೆಯಿತ್ತು. ಆ ನಂಬಿಕೆಯನ್ನು ಕೆಡಿಸದಿರುವ ವಿವೇಕವೇ ಇದಕ್ಕೆ ಕಾರಣವೆಂದು ನಾನು ಊಹಿಸುತ್ತೇನೆ. ತನ್ನ ಹೆಸರನ್ನೂ ಆತನು ನಾಣ್ಯದ ಮೇಲೆ ಹಾಕಿಸಲಿಲ್ಲ. ನಾಣ್ಯಗಳಿಗೇ ಹೆಸರಿಡುವ ಉತ್ಸಾಹ ಮಾತ್ರ ಬೇರಾವ ಅರಸನಲ್ಲೂ ಇಷ್ಟು ಕಾಣದು: ಬೆಳ್ಳಿಯ ರೂಪಾಯಿ ಇಮಾಮಿ, ಚಿನ್ನದ್ದು ಅಹಮದಿ, ವರಹ ಫಾರೂಕಿ, ತಾಮ್ರದ ಪೈಸೆ ಶುಕ್ರಗ್ರಹದ ಹೆಸರಿನ ಜೊಹರಾ, ಅರ್ಧ ಪೈಸೆ ಅಂಗಾರಕನ ಹೆಸರಿನ ಬಹ್ರಾಮ್. ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗಗಳ ಕಮ್ಮಟಗಳಲ್ಲಿ ಹೊಡೆದ ಈ ಆನೆ ಪೈಸೆಗಳಲ್ಲಿ ಒಂದರ ಆನೆ ಬಲಕ್ಕೆ, ಇನ್ನೊಂದರದು ಎಡಕ್ಕೆ, ಒಂದರ ಬಾಲ ಮೇಲೆ, ಇನ್ನೊಂದರದು ಕೆಳಗೆ. ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕಾದವೂ ಇವೆ. ಟಿಪ್ಪೂವಿನ ಪತನಾನಂತರ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ‘ಮಯಿಲಿ ಕಾಸು’ಗಳ ಮೇಲೂ ಆನೆ ತನ್ನ ಜಾಗವನ್ನು ಬಿಟ್ಟುಕೊಡಲಿಲ್ಲ.

ಮೈಸೂರಿನ ಹುಲಿ ಲೋಹದ ಬಿಲ್ಲೆಯನ್ನು ಏರಿದ್ದು ಶತ್ರುವಿನ ಟಂಕಸಾಲೆಯಲ್ಲಿ. ಶ್ರೀರಂಗಪಟ್ಟಣ ಬಿದ್ದ ೧೭೯೯ರ ಮೇ ೪ರ ನೆನಪಿಗಾಗಿ ಈಸ್ಟ್ ಇಂಡಿಯಾ ಕಂಪನಿಯು ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ ಕ್ಯೂಖ್ಲರ್ ಎಂಬ ಕೆತ್ತನೆಗಾರನಿಂದ ಪದಕವೊಂದನ್ನು ಮಾಡಿಸಿತು. ಒಂದು ಬದಿಯಲ್ಲಿ ಕೋಟೆಯ ಬಿರುಕಿಗೆ ನುಗ್ಗುತ್ತಿರುವ ದಂಡು. ಇನ್ನೊಂದು ಬದಿಯಲ್ಲಿ ಬ್ರಿಟಿಷ್ ಸಿಂಹವು ಕೆಳಗೆ ಕೆಡವಿಕೊಂಡ ಹುಲಿ. ಪದವಿಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚುಗಳಲ್ಲಿ ಅದನ್ನು ಹಂಚಿ, ಸಾಮಾನ್ಯ ಸಿಪಾಯಿಗಳ ಪಾಲಿಗೆ ತವರದ್ದನ್ನು ಕೊಟ್ಟರು.